ಅಗಲ ಎಲೆಯ ಮರಗಳ ತೋಪನ್ನು ಬೀಜಕ್ಕಾಗಿ ಸಜ್ಜುಗೊಳಿಸುವುದು: ಸಮಗ್ರ ಮಾರ್ಗದರ್ಶಿ

ಮರಬೀಜ ಸಂಗ್ರಹದ ಕೆಲಸ ನಡೆಯುವುದು ವರ್ಷದಲ್ಲಿ ಕೆಲವೇ ವಾರ. ಆದರೆ ಆ ಬೀಜದಿಂದ ಹುಟ್ಟುವ ಮರ ನೆಟ್ಟಗೆ ಬೆಳೆಯುತ್ತದೆಯೋ ಮೊಣಕಾಲೆತ್ತರದಲ್ಲೇ ಕವಲೊಡೆಯುತ್ತದೆಯೋ, ರೋಗವನ್ನು ತಾಳಿಕೊಳ್ಳುತ್ತದೆಯೋ ಸೊರಗುತ್ತದೆಯೋ ಎಂಬುದು ಬಹುಪಾಲು ತೀರ್ಮಾನವಾಗುವುದು ಅದಕ್ಕೂ ಹಲವು ವರ್ಷಗಳ ಮೊದಲು, ತೋಪಿನಲ್ಲಿ ಯಾವ ಮರವನ್ನು ಕಡಿದು ಯಾವುದನ್ನು ಉಳಿಸಿದೆವು ಎಂಬುದರಲ್ಲಿ. ಸಂಗ್ರಹಿಸುವವರ ಕಣ್ಣಿಗೆ ಬೀಳುವುದು ತಾಯಿಮರ ಮಾತ್ರ. ಪ್ರತಿ ಬೀಜದಲ್ಲೂ ಅರ್ಧ ಪಾಲು ಪರಾಗ ಕೊಟ್ಟ ಮರದ್ದು, ಮತ್ತು ಆ ಮರ ಪಕ್ಕದಲ್ಲೇ ನಿಂತಿರುವ ಸೊಟ್ಟ ಮರವೂ ಆಗಿರಬಹುದು. ಒಳ್ಳೆಯ ತಾಯಿಮರವನ್ನು ಹುಡುಕಿ ಅದರಡಿ ಬೀಜ ಆಯ್ದರೆ ಸಾಲದು, ಇಡೀ ತೋಪನ್ನೇ ಬೀಜಕ್ಕಾಗಿ ನಿರ್ವಹಿಸಬೇಕು ಎನ್ನುವುದಕ್ಕೆ ಇದೇ ಕಾರಣ.

ಬೀಜದ ಗುಣಮಟ್ಟಕ್ಕೆ ಎರಡು ಮುಖಗಳಿವೆ. ಒಂದು ಆನುವಂಶಿಕ ಗುಣ, ಅಂದರೆ ತಂದೆ ತಾಯಿ ಮರಗಳಿಂದ ಬಂದದ್ದು. ಇನ್ನೊಂದು ಬೀಜದ ಭೌತಿಕ ಸ್ಥಿತಿ: ಗಟ್ಟಿಯೋ ಜೊಳ್ಳೋ, ಬಲಿತದ್ದೋ ಎಳೆಯದೋ, ಹುಳು ಹೊಕ್ಕಿದೆಯೋ ಇಲ್ಲವೋ. ಮೊದಲನೆಯದನ್ನು ತೋಪಿನಲ್ಲಿ ಮಾತ್ರ ಸುಧಾರಿಸಲು ಸಾಧ್ಯ. ಎರಡನೆಯದು ತೋಪಿನಲ್ಲಿ ಆರಂಭವಾಗಿ, ಸಂಗ್ರಹ ಮತ್ತು ದಾಸ್ತಾನಿನಲ್ಲಿ ಉಳಿಯುತ್ತದೆ ಅಥವಾ ಕೈತಪ್ಪುತ್ತದೆ.

ಹಂತ 1: ತೋಪಿನ ಆಯ್ಕೆ

ಮೊದಲು ಆ ತೋಪಿನ ಮೂಲವನ್ನು ತಿಳಿದುಕೊಳ್ಳಿ. ಅದು ತಾನಾಗಿ ಬೆಳೆದ ಕಾಡೋ ನೆಟ್ಟದ್ದೋ, ನೆಟ್ಟಿದ್ದರೆ ಬೀಜ ಎಲ್ಲಿಂದ ಬಂತು, ಆ ಮೂಲದ ಮರಗಳು ಈ ಹವೆಗೆ ಹೊಂದಿಕೊಂಡಿವೆಯೇ ಎಂಬ ಪ್ರಶ್ನೆಗಳಿಗೆ ಹಳೆಯ ನೆಡುತೋಪಿನ ದಾಖಲೆಗಳಲ್ಲಿ ಉತ್ತರ ಹುಡುಕಬೇಕು. ದಾಖಲೆ ಸಿಗದಿದ್ದರೂ ತೋಪನ್ನು ಕೈಬಿಡಬೇಕಾಗಿಲ್ಲ. ಆ ಸ್ಥಳದಲ್ಲಿ ದಶಕಗಳ ಕಾಲ ಹಿಮ, ಬರ, ಗಾಳಿಗಳನ್ನು ತಡೆದು ಚೆನ್ನಾಗಿ ನಿಂತಿರುವುದೇ ಒಂದು ಪುರಾವೆ. ಆದರೆ ಮೂಲ ತಿಳಿಯದು ಎಂಬ ಸಂಗತಿಯನ್ನು ಕಡತದಲ್ಲಿ ಹಾಗೆಯೇ ಬರೆದಿಡಬೇಕು.

ಎರಡನೆಯದಾಗಿ ವಯಸ್ಸು. ಬರ್ಚ್ ಸುಮಾರು 15 ವರ್ಷಕ್ಕೇ ಬೀಜ ಕೊಡಲು ತೊಡಗುತ್ತದೆ. ಓಕ್ ಮರಕ್ಕೆ 40 ರಿಂದ 50 ವರ್ಷ ಬೇಕು, ಬೀಚ್ ಮರಕ್ಕೆ ಇನ್ನೂ ಹೆಚ್ಚು. ತೋಪು ಅರ್ಧ ವಯಸ್ಸಿನಲ್ಲಿರುವಾಗ ಕೈಗೆತ್ತಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಆಗ ಕಾಂಡದ ಗುಣ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿರುತ್ತದೆ, ಕೊಂಬೆಗಳ ಹಂದರಕ್ಕೆ ಇನ್ನೂ ಹರಡುವ ಕಸುವಿರುತ್ತದೆ. ಮುದಿ ತೋಪಿನಲ್ಲಿ ಬೇಡದ ಮರಗಳನ್ನು ಕಡಿದು ಎಷ್ಟೇ ತೆರವುಗೊಳಿಸಿದರೂ ಉಳಿದವುಗಳ ಹಂದರ ಹಿಗ್ಗುವುದಿಲ್ಲ.

ಮೂರನೆಯದು ಪ್ರತ್ಯೇಕತೆ. ಗಾಳಿಯಲ್ಲಿ ಪರಾಗ ಕಿಲೋಮೀಟರುಗಟ್ಟಲೆ ಸಾಗಬಲ್ಲದು, ಹಾಗಾಗಿ ಪೂರ್ಣ ಪ್ರತ್ಯೇಕತೆ ಎಂಬುದು ಇಲ್ಲ. ಆದರೂ ಹೆಚ್ಚಿನ ಪರಾಗ ಹತ್ತಿರದ ಮರಗಳದ್ದೇ ಆಗಿರುವುದರಿಂದ, ಅದೇ ಜಾತಿಯ ಕಳಪೆ ಮರಗಳು ಅಥವಾ ಅದರೊಡನೆ ಮಿಶ್ರತಳಿ ಹುಟ್ಟಿಸಬಲ್ಲ ಹತ್ತಿರದ ಜಾತಿಯ ಮರಗಳು ಕೆಲವು ನೂರು ಮೀಟರುಗಳೊಳಗೆ ಇರದಂತೆ ನೋಡಿಕೊಳ್ಳಬೇಕು. ಅಂಚಿನ ಒಂದು ಪಟ್ಟಿಯನ್ನು ಗಡಿಯಾಗಿ ಬಿಟ್ಟು, ಅಲ್ಲಿ ಕಳಪೆ ಮರಗಳನ್ನು ತೆಗೆಯಿರಿ. ಆದರೆ ಬೀಜವನ್ನು ಒಳಭಾಗದಿಂದ ಮಾತ್ರ ಸಂಗ್ರಹಿಸಿ.

ಕೊನೆಯದಾಗಿ ಸಂಖ್ಯೆ. ತೆರವಿನ ನಂತರವೂ ಸಾಕಷ್ಟು ಮರಗಳು ಉಳಿಯಬೇಕು. ಹತ್ತು ಹನ್ನೆರಡು ಚೆಂದದ ಮರಗಳಷ್ಟೇ ಇರುವ ಗುಂಪು ನೋಡಲು ಆಕರ್ಷಕ, ಆದರೆ ಅವು ಒಂದೇ ತಾಯಿಯ ಮಕ್ಕಳಾಗಿರಬಹುದು, ಮುಂದಿನ ಪೀಳಿಗೆಯಲ್ಲಿ ರಕ್ತಸಂಬಂಧದ ದೋಷ ತಲೆದೋರಬಹುದು. ಬೇರಿನಿಂದ ಮರಿಯೊಡೆಯುವ ಕಾಡು ಚೆರ್ರಿ, ಆಸ್ಪೆನ್‌ನಂಥ ಜಾತಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಇಪ್ಪತ್ತು ಕಾಂಡಗಳ ಗುಂಪು ಎಂದು ಕಾಣುವುದು ವಾಸ್ತವದಲ್ಲಿ ಒಂದೇ ಮರವಾಗಿರಬಹುದು. ಚೆರ್ರಿ ತನ್ನ ಪರಾಗವನ್ನು ತಾನೇ ತಿರಸ್ಕರಿಸುವ ಜಾತಿಯಾದ್ದರಿಂದ ಅಂಥ ಗುಂಪು ಮೈತುಂಬ ಹೂ ಬಿಟ್ಟರೂ ಹಣ್ಣು ಕಟ್ಟುವುದು ತೀರಾ ಕಡಿಮೆ.

ಅಂತರರಾಷ್ಟ್ರೀಯ ಮಾರಾಟದಲ್ಲಿ ಬಳಕೆಯಲ್ಲಿರುವ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಯೋಜನೆಯು ಅರಣ್ಯ ಬೀಜವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ: ಮೂಲ ಗುರುತಿಸಿದ್ದು, ಆಯ್ದದ್ದು, ಅರ್ಹಗೊಂಡದ್ದು, ಪರೀಕ್ಷಿತ. ಇವುಗಳ ಚೀಟಿಗಳು ಕ್ರಮವಾಗಿ ಹಳದಿ, ಹಸಿರು, ಗುಲಾಬಿ, ನೀಲಿ ಬಣ್ಣದವು. ಯುರೋಪಿಯನ್ ಒಕ್ಕೂಟದ 1999ರ ನಿರ್ದೇಶನವೂ ಇದೇ ನಾಲ್ಕು ವರ್ಗಗಳನ್ನು ಅನುಸರಿಸುತ್ತದೆ. ಇಲ್ಲಿ ಹೇಳುತ್ತಿರುವ ಬಗೆಯ ತೋಪು ಸಾಮಾನ್ಯವಾಗಿ ಎರಡನೆಯ ವರ್ಗದ ಹಸಿರು ಚೀಟಿಗೆ ಅರ್ಹವಾಗುತ್ತದೆ.

ಹಂತ 2: ಮರಮರವನ್ನೂ ನೋಡಿ ಅಂಕ ಹಾಕುವುದು

ಈ ಹಂತಕ್ಕೆ ಅವಸರ ಸಲ್ಲದು. ಪ್ರತಿ ಮರದ ಸುತ್ತ ಪೂರ್ತಿ ಒಂದು ಸುತ್ತು ಬರಬೇಕು. ಒಂದು ಬದಿಯಿಂದ ನೆಟ್ಟಗೆ ಕಂಡ ಕಾಂಡ ಇನ್ನೊಂದು ಬದಿಯಿಂದ ಬಿಲ್ಲಿನಂತೆ ಬಾಗಿರುವುದು ಎಷ್ಟೋ ಸಲ. ನೇರ ಕಾಂಡ, ಕವಲಿನ ಎತ್ತರ, ಕೊಂಬೆಗಳ ದಪ್ಪ ಮತ್ತು ಅವು ಕಾಂಡದಿಂದ ಹೊರಡುವ ಕೋನ, ತೊಗಟೆಯ ಗೆರೆಗಳಲ್ಲಿ ಕಾಣುವ ಸುರುಳಿ, ಕಾಂಡದ ಮೈಮೇಲೆ ಒಡೆದ ಚಿಗುರು, ಹಂದರದ ಆರೋಗ್ಯ, ಇವಿಷ್ಟಕ್ಕೆ ಪ್ರತ್ಯೇಕ ಅಂಕ ಕೊಡಿ. ಸಣ್ಣ ಕೋನದಲ್ಲಿ ಮೇಲಕ್ಕೆ ಚಿಮ್ಮುವ ದಪ್ಪ ಕೊಂಬೆ ಮುಂದೆ ಸೀಳುವ ಕವಲಾಗುತ್ತದೆ. ಅಡ್ಡಕ್ಕೆ ಚಾಚಿದ ತೆಳು ಕೊಂಬೆ ತಾನಾಗಿ ಒಣಗಿ ಉದುರಿ, ಕಾಂಡವನ್ನು ಗಂಟಿಲ್ಲದಂತೆ ಬಿಡುತ್ತದೆ.

ಹೊರರೂಪವೆಲ್ಲ ವಂಶಗುಣವಲ್ಲ ಎಂಬುದನ್ನು ಮರೆಯಬಾರದು. ಕಾಂಡದ ದಪ್ಪ ಹೆಚ್ಚಾಗಿ ಜಾಗ, ಬೆಳಕು ಮತ್ತು ಮಣ್ಣನ್ನು ಅವಲಂಬಿಸಿರುತ್ತದೆ, ಹಾಗಾಗಿ ಬರೀ ದಪ್ಪ ನೋಡಿ ಆರಿಸಿದರೆ ಪ್ರಯೋಜನ ಅಲ್ಪ. ಚಿಗುರುವ ಕಾಲ ಬಲವಾಗಿ ಮಕ್ಕಳಿಗೆ ಸಾಗುತ್ತದೆ. ನೇರತೆ ಮತ್ತು ಕವಲೊಡೆಯುವ ಸ್ವಭಾವ ಮಧ್ಯಮ ಮಟ್ಟದಲ್ಲಿ ಸಾಗುತ್ತವೆ. ಆದ್ದರಿಂದ ಒಂದು ಮರವನ್ನು ಇಡೀ ತೋಪಿನ ಸರಾಸರಿಯೊಂದಿಗೆ ಹೋಲಿಸುವ ಬದಲು, ಅದೇ ಮಣ್ಣಿನಲ್ಲಿ ನಿಂತಿರುವ ಅದೇ ವಯಸ್ಸಿನ ಹತ್ತಿರದ ನಾಲ್ಕೈದು ಮರಗಳೊಂದಿಗೆ ಹೋಲಿಸಿ. ಅಂಚಿನ ಮರವೊಂದು ಪಕ್ಕದಿಂದ ಬೆಳಕು ಬಿದ್ದದ್ದರಿಂದಲೇ ಕೊಂಬೆ ಬಿಟ್ಟಿದ್ದರೆ ಅದರಲ್ಲಿ ಮರದ ತಪ್ಪೇನಿಲ್ಲ. ತುದಿ ಮುರಿದು ಕವಲಾದದ್ದಕ್ಕೂ ತಾನಾಗಿ ಕವಲಾದದ್ದಕ್ಕೂ ವ್ಯತ್ಯಾಸವಿದೆ, ಮುರಿದ ಗಾಯದ ಗುರುತು ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ.

ಎಲೆ ಉದುರುವ ಜಾತಿಗಳನ್ನು ಕನಿಷ್ಠ ಎರಡು ಋತುಗಳಲ್ಲಿ ನೋಡಬೇಕು. ಎಲೆಯಿಲ್ಲದಾಗ ಕಾಂಡ, ಕೊಂಬೆಗಳು ಬೆತ್ತಲೆಯಾಗಿ ಕಾಣುತ್ತವೆ. ಚಿಗುರುವ ಕಾಲದಲ್ಲಿ ಯಾವುದು ಮೊದಲು, ಯಾವುದು ತಡ ಎಂಬುದು ತಿಳಿಯುತ್ತದೆ. ಬೇಗ ಚಿಗುರುವ ಮರಕ್ಕೆ ತಡವಾದ ಹಿಮಪಾತದ ಅಪಾಯವಿದೆ. ಓಕ್‌ನಲ್ಲಿ ತಡವಾಗಿ ಚಿಗುರುವ ಮರಗಳ ವಸಂತಕಾಲದ ನೀರ್ಗೊಳವೆಗಳು (ಆ ಕಾಲದಲ್ಲಿ ಮರದೊಳಗೆ ಮೂಡುವ, ನೀರು ಸಾಗಿಸುವ ಸಣ್ಣ ಕೊಳವೆಗಳು) ಅಗಲವಾಗಿದ್ದು, ಅಂಥ ಮರದ ದಿಮ್ಮಿಯೊಳಗೆ ಬಿರುಕು ಬಿಡುವ ಒಲವು ಹೆಚ್ಚು. ಹೀಗೆ ಒಂದೇ ಗುಣ ಒಂದು ಕಡೆ ವರವಾಗಿ ಇನ್ನೊಂದು ಕಡೆ ಹೊರೆಯಾಗುವುದರಿಂದ, ನಡುವಿನ ಕಾಲದಲ್ಲಿ ಚಿಗುರುವ ಮರಗಳನ್ನು ಹೆಚ್ಚಾಗಿ ಉಳಿಸಿಕೊಳ್ಳುವುದು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ.

ತೇಗದ ವಿಚಾರದಲ್ಲಿ ಹೂ ಬಿಡುವ ವಯಸ್ಸೇ ಮುಖ್ಯ. ತೇಗದ ಹೂಗೊಂಚಲು ಕುಡಿಯ ತುದಿಯಲ್ಲೇ ಬರುವುದರಿಂದ, ಮೊದಲ ಸಲ ಹೂ ಬಿಟ್ಟಾಗ ಮುಖ್ಯ ಕಾಂಡದ ಬೆಳವಣಿಗೆ ಅಲ್ಲಿಗೆ ನಿಂತು ಕೆಳಗಿನ ಮೊಗ್ಗುಗಳಿಂದ ಕವಲು ಹುಟ್ಟುತ್ತದೆ. ಬೇಗ ಹೂ ಬಿಡುವ ಮರಕ್ಕೆ ಗಿಡ್ಡ ಬೊಡ್ಡೆ, ತಡವಾಗಿ ಹೂ ಬಿಡುವ ಮರಕ್ಕೆ ಉದ್ದ ಬೊಡ್ಡೆ. ಆದರೆ ಹೇರಳವಾಗಿ ಕಾಯಿ ಬಿಡುವುದು ಬೇಗ ಹೂ ಬಿಡುವ ಮರವೇ! ಸಿಕ್ಕಷ್ಟು ಬೀಜವನ್ನು ಲೆಕ್ಕವಿಲ್ಲದೆ ಆಯ್ದು ತಂದರೆ ನಾವು ನಮಗೆ ತಿಳಿಯದೆಯೇ ಕವಲು ಮರಗಳನ್ನು ಆರಿಸುತ್ತಿರುತ್ತೇವೆ. ಇದು ಬಹಳ ಗಂಭೀರವಾದ ವಿಷಯ, ಸಂಗ್ರಹದ ಹಂತದಲ್ಲಿ ಇದಕ್ಕೆ ಮತ್ತೆ ಬರುತ್ತೇನೆ.

ರೋಗ ಹಬ್ಬಿರುವ ತೋಪಿನಲ್ಲಿ ಅಂಕದ ಕ್ರಮವೇ ಬದಲಾಗಬೇಕು. ಯುರೋಪಿನ ಆಶ್ ಮರಗಳನ್ನು ಕೊಲ್ಲುತ್ತಿರುವ ತುದಿಸಾವಿನ ಶಿಲೀಂಧ್ರ ರೋಗಕ್ಕೆ ತಾಳಿಕೊಳ್ಳುವ ಮರಗಳು ಕೆಲವೇ, ಆದರೆ ಆ ತಾಳಿಕೆ ವಂಶಕ್ಕೆ ಸಾಗುತ್ತದೆ. ಅಂಥಲ್ಲಿ ಕಾಂಡ ಸ್ವಲ್ಪ ಸೊಟ್ಟವಾಗಿದ್ದರೂ ಹಂದರ ತುಂಬಿರುವ ಮರವನ್ನು ಕಡಿಯಬಾರದು. ಆಶ್‌ನಲ್ಲಿ ಗಂಡು ಮರ, ಹೆಣ್ಣು ಮರ, ಎರಡೂ ಬಗೆಯ ಹೂ ಬಿಡುವ ಮರ ಮೂರೂ ಇರುತ್ತವೆ. ಚಳಿಗಾಲದಲ್ಲಿ ಗೊಂಚಲು ಗೊಂಚಲಾಗಿ ನೇತಾಡುವ ಕಾಯಿಗಳಿಂದ ಹೆಣ್ಣು ಮರ ಸುಲಭವಾಗಿ ಗುರುತಿಗೆ ಸಿಗುತ್ತದೆ. ಕಾಯಿಯಿಲ್ಲದ್ದೆಲ್ಲ ಬೇಡದ ಮರ ಎಂದು ಕಡಿದುಬಿಟ್ಟರೆ ಪರಾಗ ಕೊಡುವವರೇ ಇರುವುದಿಲ್ಲ.

ಅಂಕ ಮುಗಿದ ಮೇಲೆ ಉಳಿಸಬೇಕಾದ ಮರಗಳಿಗೇ ಬಣ್ಣದ ಪಟ್ಟಿ ಹಾಕಿ, ಸಂಖ್ಯೆ ಕೊಡಿ. ಕಡಿಯುವ ಮರಕ್ಕೆ ಗುರುತು ಹಾಕುವ ರೂಢಿಯಿರುವಲ್ಲಿ ಕೆಲಸಗಾರರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು, ಇಲ್ಲವಾದರೆ ಅತ್ಯುತ್ತಮ ಮರವೇ ನೆಲಕ್ಕುರುಳಬಹುದು.

ಹಂತ 3: ವಿರಳಗೊಳಿಸುವುದು

ತೆರವಿಗೆ ಎರಡು ಉದ್ದೇಶಗಳಿವೆ: ಕಳಪೆ ಮರಗಳ ಪರಾಗವನ್ನು ತಡೆಯುವುದು ಮತ್ತು ಉಳಿದ ಮರಗಳ ಹಂದರಕ್ಕೆ ಬೆಳಕು ಬಿಡುವುದು. ಅಗಲ ಎಲೆಯ ಮರಗಳು ಹೂ ಬಿಡುವುದು ಬೆಳಕು ಬೀಳುವ ಕೊಂಬೆಗಳಲ್ಲಿ. ಒತ್ತೊತ್ತಾಗಿ ನಿಂತ ತೋಪಿನಲ್ಲಿ ಬೀಜ ಸಿಗುವುದು ತುತ್ತತುದಿಯ ಒಂದಿಷ್ಟು ಕೊಂಬೆಗಳಲ್ಲಿ ಮಾತ್ರ.

ಎಲ್ಲವನ್ನೂ ಒಂದೇ ಸಲಕ್ಕೆ ಕಡಿಯಬೇಡಿ. ದಿಢೀರ್ ಬೆಳಕಿಗೆ ಓಕ್‌ನ ಕಾಂಡದ ಮೈಯೆಲ್ಲ ಚಿಗುರೊಡೆಯುತ್ತದೆ. ತೆಳು ತೊಗಟೆಯ ಬೀಚ್ ಬಿಸಿಲಿಗೆ ಬೆಂದು ಸಿಪ್ಪೆ ಬಿಡುತ್ತದೆ. ತೇವದ ಮಣ್ಣಿನಲ್ಲಿ ಬೇರು ಆಳಕ್ಕಿಳಿಯದ ಮರಗಳು ಮೊದಲ ಬಿರುಗಾಳಿಗೇ ಉರುಳುತ್ತವೆ. ಎರಡು ಮೂರು ಸುತ್ತುಗಳಲ್ಲಿ, ನಡುವೆ ಮೂರರಿಂದ ಐದು ವರ್ಷ ಬಿಟ್ಟು ಮಾಡುವುದು ಉತ್ತಮ. ಮೊದಲ ಸುತ್ತಿನಲ್ಲಿ ತೀರಾ ಕಳಪೆಯಾದವು, ರೋಗಪೀಡಿತವಾದವು ಮತ್ತು ಬೇರೆ ಜಾತಿಯ ಅಥವಾ ಮಿಶ್ರತಳಿಯ ಮರಗಳು ಹೋಗಲಿ. ಎರಡನೆಯ ಸುತ್ತಿನಲ್ಲಿ ಆಯ್ದ ಮರಗಳ ಹಂದರಕ್ಕೆ ತಾಗುತ್ತಿರುವ ಮಧ್ಯಮ ಗುಣದ ಮರಗಳು ಹೋಗಲಿ. ಕೊನೆಗೆ ಜಾತಿ ಮತ್ತು ವಯಸ್ಸನ್ನು ನೋಡಿಕೊಂಡು ಹೆಕ್ಟೇರಿಗೆ ಅಂದಾಜು 75 ರಿಂದ 200 ಮರಗಳು ಉಳಿಯುವುದು ವಾಡಿಕೆ.

ಹಂದರಗಳ ನಡುವೆ ಜಾಗವಿರಲಿ, ಆದರೆ ಅತಿಯಾಗದಿರಲಿ. ಬೀಚ್, ಓಕ್‌ನಂಥ ಗಾಳಿ ಪರಾಗಸ್ಪರ್ಶದ ಜಾತಿಗಳು ಒಂಟಿಯಾಗಿ ನಿಂತರೆ ಸುತ್ತಲಿನ ಪರಾಗ ಸಾಲದೆ ಜೊಳ್ಳು ಹೆಚ್ಚುತ್ತದೆ. ಬೀಚ್ ಪರಾಗ ಸಿಗದಿದ್ದರೂ ಸಿಪ್ಪೆ ಕಟ್ಟುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಆದ್ದರಿಂದ ಗುಣದಲ್ಲಿ ಸಮನಾದ ಎರಡು ಮರಗಳ ನಡುವೆ ಆರಿಸಬೇಕಾಗಿ ಬಂದಾಗ, ಉಳಿದವು ತೋಪಿನ ತುಂಬ ಸಮವಾಗಿ ಹರಡುವಂತೆ ನೋಡಿಕೊಳ್ಳಿ.

ಕಡಿತದ ಕಾಲಕ್ಕೂ ಮಹತ್ವವಿದೆ. ಹೂ ಅರಳುವ ಮುನ್ನ ಕಡಿದರೆ ಆ ವರ್ಷದಿಂದಲೇ ಕಳಪೆ ಪರಾಗ ನಿಲ್ಲುತ್ತದೆ. ಹೂ ಅರಳಿದ ಮೇಲೆ ಕಡಿದರೆ, ಮರದ ಮೇಲಿರುವ ಕಾಯಿಗಳು ಆಗಲೇ ಹಳೆಯ ತಂದೆಮರಗಳ ಮಕ್ಕಳು. ಸಾಮಾನ್ಯ ಯುರೋಪಿಯನ್ ಓಕ್‌ಗಳಲ್ಲಿ ಕಾಯಿ ಅದೇ ವರ್ಷ ಬಲಿಯುವುದರಿಂದ ಒಂದು ಫಸಲನ್ನು ಬಿಟ್ಟರೆ ಸಾಕು. ಕೆಂಪು ಓಕ್ ಗುಂಪಿನಲ್ಲಿ ಕಾಯಿ ಬಲಿಯಲು ಎರಡು ಋತು ಬೇಕು, ಹಾಗಾಗಿ ಎರಡು ಫಸಲುಗಳನ್ನು ಬಿಡಬೇಕು. ಈ ಸರಳ ಲೆಕ್ಕವನ್ನು ತಪ್ಪಿದರೆ ತೆರವಿನ ಖರ್ಚೆಲ್ಲ ಆದರೂ ಸಿಗುವುದು ಹಳೆಯ ಬೀಜವೇ.

ಹಂತ 4: ನೆಲ ಮತ್ತು ಹಂದರದ ಆರೈಕೆ

ತೆರವಿನ ನಂತರ ಬೆಳಕು ಬಿದ್ದ ನೆಲದಲ್ಲಿ ಪೊದೆ, ಕಳೆ, ಕಡಿದ ಬುಡಗಳ ಚಿಗುರು ಒಮ್ಮೆಲೇ ಏಳುತ್ತವೆ. ಬುಡದ ಚಿಗುರನ್ನು ಬಿಟ್ಟರೆ ಕಳಪೆ ಮರವೇ ಮತ್ತೆ ಎದ್ದು ನಿಂತು ಹೂ ಬಿಡುವುದರಿಂದ ಅದನ್ನು ತಪ್ಪದೆ ಸವರಬೇಕು. ತಾಯಿಮರಗಳ ಹಂದರದ ಕೆಳಗಿನ ನೆಲವನ್ನು ಬೀಜ ಬೀಳುವ ಮುನ್ನ ಕೊಚ್ಚಿ ಚೊಕ್ಕಟ ಮಾಡಿದರೆ ಬಲೆ ಹಾಸಲು, ಆಯಲು ಅನುಕೂಲ. ಉಳಿದ ಕಡೆ ಒಂದಿಷ್ಟು ಪೊದೆಯಿರಲಿ. ಕೀಟ ಪರಾಗಸ್ಪರ್ಶದ ಜಾತಿಗಳಿಗೆ ಆ ಕೀಟಗಳನ್ನು ಸಾಕುವುದು ಸುತ್ತಲಿನ ಹೂಗಿಡಗಳೇ. ಗೊಬ್ಬರವನ್ನು ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಹಾಕಿ. ಬೆಳಕು ಕೊಡುವ ಲಾಭವನ್ನು ಗೊಬ್ಬರ ಕೊಡುವುದಿಲ್ಲ.

ಹೂಮೊಗ್ಗು ರೂಪುಗೊಳ್ಳುವುದು ಅದು ಅರಳುವ ಹಿಂದಿನ ಬೇಸಿಗೆಯಲ್ಲಿ. ಹಂದರ ಹರಡಲು ಸಮಯ ಬೇಕಾದ್ದರಿಂದ ತೆರವಿನ ಫಲ ಕಾಣಲು ಕೆಲವು ವರ್ಷ ಕಾಯಲೇಬೇಕು.

ಹಂತ 5: ಫಸಲಿನ ಅಂದಾಜು ಮತ್ತು ಕೊಯ್ದು ನೋಡುವ ಪರೀಕ್ಷೆ

ಓಕ್, ಬೀಚ್‌ಗಳು ಪ್ರತಿ ವರ್ಷ ಒಂದೇ ಸಮನೆ ಕಾಯಿ ಬಿಡುವುದಿಲ್ಲ. ಕೆಲವು ವರ್ಷ ಖಾಲಿ ಹೋಗಿ, ಒಂದು ವರ್ಷ ಇಡೀ ಪ್ರದೇಶದ ಮರಗಳೆಲ್ಲ ಒಟ್ಟಿಗೆ ಹುಲುಸಾಗಿ ಫಲಿಸುತ್ತವೆ. ಸಂಗ್ರಹವನ್ನು ಅಂಥ ಹುಲುಸು ವರ್ಷಕ್ಕೇ ಮೀಸಲಿಡಿ ಎಂದು ಒತ್ತಿ ಹೇಳುತ್ತೇನೆ. ಬಡ ವರ್ಷದಲ್ಲಿ ಹೂ ಬಿಟ್ಟ ಮರಗಳೇ ಕೆಲವು, ಹಾಗಾಗಿ ಪರಾಗದ ವೈವಿಧ್ಯ ಕಡಿಮೆ, ಜೊಳ್ಳು ಹೆಚ್ಚು. ಸಾಲದ್ದಕ್ಕೆ ಇರುವ ನಾಲ್ಕು ಕಾಯಿಗಳಿಗೂ ಮೂತಿಹುಳು, ಇಲಿ, ಹಕ್ಕಿಗಳೆಲ್ಲ ಮುಗಿಬೀಳುತ್ತವೆ. ಹುಲುಸು ವರ್ಷದಲ್ಲಿ ಅವು ತಿಂದು ಮಿಕ್ಕುವಷ್ಟು ಬೀಜವಿರುತ್ತದೆ.

ಬೇಸಿಗೆಯ ನಡುವಿನಲ್ಲಿ ದುರ್ಬೀನು ಹಿಡಿದು ಹಂದರದ ಮೇಲ್ಭಾಗವನ್ನು ನೋಡಿ, ಮರವಾರು ಬರೆದುಕೊಳ್ಳಿ. ಬೀಜ ಬಲಿಯುವ ಎರಡು ಮೂರು ವಾರ ಮೊದಲು ಹಲವು ಮರಗಳಿಂದ ಕಾಯಿಗಳನ್ನು ಕಿತ್ತು ಚೂರಿಯಿಂದ ಉದ್ದಕ್ಕೆ ಸೀಳಿ. ಓಕ್ ಕಾಯಿಯಲ್ಲಿ ಎರಡು ಬೇಳೆಗಳು ಸಿಪ್ಪೆಯೊಳಗೆ ಬಿಗಿಯಾಗಿ ತುಂಬಿ, ಕೆನೆಬಿಳುಪು ಬಣ್ಣಕ್ಕಿದ್ದು, ಉಗುರು ಒತ್ತಿದರೆ ಗಟ್ಟಿಯಾಗಿರಬೇಕು. ಕಂದು ಕಲೆ, ಬೂದು ಪುಡಿಯಂಥ ಹಿಕ್ಕೆ, ಕಾಲಿಲ್ಲದ ಬಿಳಿ ಹುಳು ಕಂಡರೆ ಅದನ್ನು ಕೆಟ್ಟದ್ದೆಂದು ಎಣಿಸಿ. ಕಾಯಿಯ ಹೊರಮೈ ನುಣುಪಾಗಿದ್ದ ಮಾತ್ರಕ್ಕೆ ನಂಬಬೇಡಿ. ಮೂತಿಹುಳು ಮೊಟ್ಟೆಯಿಡಲು ಕೊರೆದ ತೂತು ಸೂಜಿ ಚುಚ್ಚಿದಷ್ಟೇ ಇರುತ್ತದೆ, ದೊಡ್ಡ ತೂತು ಕಾಣುವುದು ಹುಳು ತಿಂದು ಹೊರಟ ಮೇಲೆ. ಬೀಚ್‌ನ ಮೂರು ಮೂಲೆಯ ಕಾಯಿಯನ್ನೂ ಹೀಗೆಯೇ ಸೀಳಿದರೆ ಜೊಳ್ಳು ಎಷ್ಟು, ಗಟ್ಟಿ ಎಷ್ಟು ಎಂಬುದು ತಿಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಜೊಳ್ಳಿದ್ದರೆ ಆ ವರ್ಷ ಬಲೆ ಹಾಸದಿರುವುದೇ ಲೇಸು.

ಹಂತ 6: ಸಂಗ್ರಹ

ಕನಿಷ್ಠ 20 ರಿಂದ 30 ತಾಯಿಮರಗಳಿಂದ, ಪ್ರತಿಯೊಂದರಿಂದಲೂ ಹೆಚ್ಚುಕಡಿಮೆ ಸಮ ಪ್ರಮಾಣದ ಬೀಜ ತೆಗೆಯುವುದು ಇಲ್ಲಿನ ಮುಖ್ಯ ನಿಯಮ. ಕೈಗೆ ಸುಲಭವಾಗಿ ಸಿಗುವ ನಾಲ್ಕು ಮರಗಳಿಂದಲೇ ಮೂಟೆ ತುಂಬುವ ಆಸೆ ಎಲ್ಲರಿಗೂ ಇರುತ್ತದೆ. ತೇಗದ ಉದಾಹರಣೆಯಲ್ಲಿ ಕಂಡ ಅಪಾಯ ಇಲ್ಲೇ ಇರುವುದು. ತೀರಾ ಹೇರಳವಾಗಿ ಕಾಯಿ ಬಿಡುವ ಮರದಿಂದ ಮಿತಿ ಹಾಕಿಕೊಂಡು ತೆಗೆಯಿರಿ, ಕಡಿಮೆ ಬಿಡುವ ಒಳ್ಳೆಯ ಮರದಿಂದ ಸಿಕ್ಕಷ್ಟನ್ನೂ ತೆಗೆಯಿರಿ.

ಮೊದಲು ಉದುರುವ ಓಕ್ ಕಾಯಿಗಳಲ್ಲಿ ಹೆಚ್ಚಿನವು ಹುಳು ಹೊಕ್ಕವು. ಅವನ್ನು ಗುಡಿಸಿ ತೆಗೆದ ನಂತರವೇ ಬಲೆ ಹಾಸಿ, ಆಮೇಲೆ ಎರಡು ಮೂರು ದಿನಗಳಿಗೊಮ್ಮೆ ಎತ್ತಿ. ಒದ್ದೆ ನೆಲದಲ್ಲಿ ಬಿದ್ದಿದ್ದರೆ ಶಿಲೀಂಧ್ರ ತಗಲುತ್ತದೆ, ಬಿಸಿಲಲ್ಲಿ ಬಿದ್ದಿದ್ದರೆ ಒಣಗುತ್ತದೆ. ಬರ್ಚ್‌ನಂಥ ಹಗುರ ಬೀಜವನ್ನು ತೆನೆ ಬಿರಿಯುವ ಮುನ್ನವೇ ಮರದ ಮೇಲಿಂದ ಕೊಯ್ಯಬೇಕು. ಮರ ಹತ್ತುವ ಕೆಲಸವನ್ನು ತರಬೇತಿ ಪಡೆದವರಿಗೆ, ಸರಿಯಾದ ಹಗ್ಗ ಮತ್ತು ಸೊಂಟಪಟ್ಟಿಯೊಂದಿಗೆ ಮಾತ್ರ ವಹಿಸಿ. ಮುಂದಿನ ವರ್ಷದ ಮೊಗ್ಗಿರುವ ಕೊಂಬೆಗಳನ್ನು ಮುರಿಯದಂತೆ ಅವರಿಗೆ ತಿಳಿಸಿ ಹೇಳಿ.

ಹಂತ 7: ಸಂಸ್ಕರಣೆ ಮತ್ತು ದಾಸ್ತಾನು

ಕಿತ್ತ ಬೀಜವೂ ಉಸಿರಾಡುತ್ತದೆ. ರಾಶಿ ಹಾಕಿದರೆ ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಕಾವು ಏರಿ ಒಂದೆರಡು ದಿನಗಳಲ್ಲೇ ಕೆಡುತ್ತದೆ. ಗಾಳಿಯಾಡುವ ಗೋಣಿಚೀಲದಲ್ಲಿ ಸಾಗಿಸಿ, ನೆರಳಿನಲ್ಲಿ ತೆಳುವಾಗಿ ಹರಡಿ, ದಿನವೂ ಕೈಯಾಡಿಸಿ.

ಓಕ್ ಕಾಯಿಯನ್ನು ಒಣಗಿಸುವಂತಿಲ್ಲ. ಅದರ ತೇವಾಂಶ ಸುಮಾರು ಶೇ 40ಕ್ಕಿಂತ ಕೆಳಗಿಳಿದರೆ ಜೀವ ಹೋಗುತ್ತದೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿದ ನಂತರ ತೇಲುವವನ್ನು ತೆಗೆದುಹಾಕಿ. ನೆನೆಸದೆ ತೇಲಿಸಿ ನೋಡಿದರೆ ತುಸು ಒಣಗಿದ ಗಟ್ಟಿ ಕಾಯಿಯೂ ತೇಲಿ ವ್ಯರ್ಥವಾಗುತ್ತದೆ. ಕಪ್ಪುಕೊಳೆ ಶಿಲೀಂಧ್ರವಿರುವ ಕಡೆ 41 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಎರಡೂವರೆ ಗಂಟೆ ಇಡುವ ಚಿಕಿತ್ಸೆ ಫಲಕಾರಿ. ಆದರೆ ಉಷ್ಣಾಂಶ ಮೇಲೇರಿದರೆ ಬೀಜವೇ ಬೇಯುತ್ತದೆ, ಆದ್ದರಿಂದ ಉಷ್ಣಮಾಪಕ ಇಟ್ಟುಕೊಂಡೇ ಮಾಡಬೇಕು. ನಂತರ ಮೇಲ್ಮೈ ನೀರನ್ನು ಆರಿಸಿ, ಗಾಳಿಯಾಡುವ ಡಬ್ಬಿಗಳಲ್ಲಿ ಸೊನ್ನೆಗಿಂತ ಒಂದರಿಂದ ಮೂರು ಡಿಗ್ರಿ ಕೆಳಗೆ ಇಟ್ಟರೆ ಒಂದೆರಡು ಚಳಿಗಾಲ ದಾಟಿಸಬಹುದು. ಬೀಚ್ ಇದಕ್ಕೆ ವಿರುದ್ಧ: ನಿಧಾನವಾಗಿ ಶೇ 8 ರಿಂದ 9ರ ತೇವಾಂಶಕ್ಕೆ ಇಳಿಸಿ, ಮುಚ್ಚಿದ ಪಾತ್ರೆಯಲ್ಲಿ ಸೊನ್ನೆಗಿಂತ ಐದರಿಂದ ಹತ್ತು ಡಿಗ್ರಿ ಕೆಳಗಿಟ್ಟರೆ ಹಲವು ವರ್ಷ ಬಾಳುತ್ತದೆ. ಹಗುರ ಬೀಜಗಳನ್ನು ಕೇರಿ, ತೂರಿ, ಜೊಳ್ಳು ಬೇರ್ಪಡಿಸಿ ಒಣಗಿಸಿಡಿ.

ಹಂತ 8: ದಾಖಲೆ ಮತ್ತು ಸಂತತಿ ಪರೀಕ್ಷೆ

ಪ್ರತಿ ಚೀಲದ ಒಳಗೊಂದು, ಹೊರಗೊಂದು ಚೀಟಿ ಇರಲಿ. ಅದರಲ್ಲಿ ಜಾತಿ, ತೋಪಿನ ಗುರುತು, ಬೀಜ ತೆಗೆದ ಮರಗಳ ಸಂಖ್ಯೆ, ಸಂಗ್ರಹದ ದಿನಾಂಕ, ತೂಕ ಮತ್ತು ಕೊಯ್ದು ನೋಡಿದ ಫಲಿತಾಂಶ ಬರೆದಿರಲಿ. ಎರಡು ತೋಪುಗಳ ಬೀಜವನ್ನು ಯಾವ ಕಾರಣಕ್ಕೂ ಬೆರೆಸಬೇಡಿ, ಒಮ್ಮೆ ಬೆರೆತದ್ದನ್ನು ಬೇರ್ಪಡಿಸಲು ದಾರಿಯೇ ಇಲ್ಲ.

ಸಾಧ್ಯವಿದ್ದರೆ ಒಂದು ಹುಲುಸು ವರ್ಷದಲ್ಲಿ ಪ್ರತಿ ತಾಯಿಮರದ ಬೀಜವನ್ನು ಸ್ವಲ್ಪ ಸ್ವಲ್ಪ ಬೇರೆಯಾಗಿ ತೆಗೆದಿಟ್ಟು, ಸಸಿಮಡಿಯಲ್ಲಿ ಬೇರೆ ಬೇರೆ ಪಾತಿಗಳಲ್ಲಿ ಎಬ್ಬಿಸಿ, ಆ ಸಸಿಗಳನ್ನು ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಸಾಲು ಅದಲುಬದಲು ಮಾಡಿ ನೆಡಿ. ಹೊರರೂಪ ನೋಡಿ ನಾವು ಕೊಟ್ಟ ಅಂಕ ಎಷ್ಟು ಸರಿ ಎಂಬುದನ್ನು ಆ ಸಸಿಗಳು ಬೆಳೆದಂತೆ ತೋರಿಸುತ್ತವೆ. ಯಾವ ತಾಯಿಯ ಮಕ್ಕಳು ಎಲ್ಲ ಸ್ಥಳಗಳಲ್ಲೂ ಕವಲೊಡೆಯುತ್ತವೆಯೋ ಆ ತಾಯಿಮರದ ಬಣ್ಣದ ಪಟ್ಟಿಯನ್ನು ಅಳಿಸಿ, ಮುಂದಿನ ತೆರವಿನ ಸುತ್ತಿನಲ್ಲಿ ಹೂ ಅರಳುವ ಮುನ್ನವೇ ಅದನ್ನು ತೆಗೆಸಿ.